ಮೊದಲ ಕಾರ್ಡು

ದಿಂಡುಕ್ಕಲ್,
೪-೧-೧೯೬೮, ಗುರುವಾರ

ಮಾಮಾ,

ಪಿಚ್ಚೈ ಬರೆಯುತ್ತಿದ್ದೇನೆ. ನಾನಿಲ್ಲಿ ಸುಖ, ನಿಮ್ಮ ಸುಖಕ್ಕೆ ಬರೆಯಿರಿ ಎಂದು ಶುರುಮಾಡಬೇಕು. ಸುಖವೋ ಅಲ್ಲವೋ ನನಗೆ ಗೊತ್ತಾಗುವುದೇ ನಿಂತುಹೋಗಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ತಲೆ ಬಾಚಿಕೊಳ್ಳುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಮಾರ್ಗಳಿಯ ಚಳಿಗೆ ಹಾಸ್ಟೆಲಿನ ಹುಡುಗಿಯರೆಲ್ಲ ಮುದುರಿಕೊಂಡು ಮಲಗಿದರೆ ನಾನು ಹೊದೆಯುವುದನ್ನೇ ಮರೆತಿರುತ್ತೇನೆ. ಇದನ್ನು ಸುಖ ಎನ್ನುವುದಾದರೆ ಸುಖವಾಗಿದ್ದೇನೆ.

ನಿಮ್ಮ ಹೆಸರಿನಲ್ಲಿ ಬಂದ ಕಾಗದ ಸಿಕ್ಕಿತು. ತಮಿಳಿನಲ್ಲಿತ್ತು. ಅಕ್ಷರ ಕರುಪ್ಪಯ್ಯ ದೊಡ್ಡಪ್ಪನದು, ಮಾತೂ ಅವರದೇ. ಜಾತಿಯ ಹಿರಿಯರಾದವರು ಎಲ್ಲರ ಮನೆಯ ಕಾಗದವನ್ನೂ ತಾವೇ ಬರೆಯಬೇಕೆಂದು ಯಾರು ಕಟ್ಟಳೆ ಮಾಡಿದರೋ! ಕೆಳಗಿನ ರುಜು ಮಾತ್ರ ನಿಮ್ಮದು. ನಮ್ಮಿಬ್ಬರ ಮದುವೆಯಾಗಿ ವರ್ಷಗಳಾದವು, ಹೆಂಡತಿ ಗಂಡನ ಮನೆಯಲ್ಲಿಲ್ಲ, ಮಕ್ಕಳೂ ಇಲ್ಲ. ಆದ್ದರಿಂದ ಮಾಟ್ಟುಪ್ಪೊಂಗಲಿನ ಮರುದಿನ ಕಂಬಂ ಊರಿನಲ್ಲಿ ಹಿರಿಯರು ಕೂಡುವಾಗ ಬಂದು ನಿಲ್ಲಬೇಕು, ಒಂದೋ ಅಂದೇ ಒಡ್ಡನ್‌ಛತ್ರದ ನಿಮ್ಮ ಮನೆಗೆ ಹಿಂದಿರುಗಬೇಕು, ಇಲ್ಲವೇ ಹುಲ್ಲುಕಡ್ಡಿ ಮುರಿದು ಅವರವರ ದಾರಿ ಹಿಡಿಯಬೇಕು ಎಂದಿದೆ. ಕಡ್ಡಿ ಮುರಿದರೆ ಮದುವೆ ಮುರಿದ ಹಾಗೆ ಎಂದು ನನಗೆ ತಿಳಿಯದೇನೋ ಎಂಬಂತೆ ಅದನ್ನೂ ಬಿಡಿಸಿ ಬರೆದಿದ್ದಾರೆ. ನಾನು ಓದಿ, ಮಡಿಸಿ, ತಲೆದಿಂಬಿನ ಕೆಳಗಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ಮತ್ತೆ ತೆಗೆದು 'ಮಕ್ಕಳೂ ಇಲ್ಲ' ಎಂಬ ಜಾಗವನ್ನು ನೋಡಿದೆ. ಹಾಗೇ ಇತ್ತು.

ನಾನು ಇದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿರುವುದು ಯಾಕೆಂದು ನಿಮಗೆ ಗೊತ್ತು. ನಮ್ಮ ಜನ ಹಗಲೆಲ್ಲ ಕನ್ನಡದಲ್ಲಿ ಜಗಳವಾಡುತ್ತೇವೆ, ಕನ್ನಡದಲ್ಲಿ ಅಳುತ್ತೇವೆ, ಕಾಗದ ಬರೆಯುವಾಗ ತಮಿಳಿಗೆ ಹೋಗುತ್ತೇವೆ. ಅಷ್ಟು ದೊಡ್ಡ ಮನೆಯಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರು, ಮೈಸೂರಿನ ತರಕಾರಿ ಮಂಡಿಯಲ್ಲಿ ಇದ್ದು ಕಲಿತವರು. ಎರಡನೆಯವಳು ನಾನು, ನಿಮ್ಮಿಂದ ಕಲಿತವಳು. ಮದುವೆಯಾದ ಹೊಸದರಲ್ಲಿ ನೀವು ಈರುಳ್ಳಿ ಬುಟ್ಟಿಯ ಮೇಲೆ ಗುರುತು ಹಾಕುವ ಕುಂಚದಿಂದಲೇ ನನಗೆ ಅಕ್ಷರ ಬರೆದು ತೋರಿಸುತ್ತಿದ್ದಿರಿ. ವೀರಮ್ಮಾಳ್ ಅತ್ತೆ ಬಾಗಿಲಲ್ಲಿ ನಿಂತು ನಗುತ್ತಿದ್ದರು: "ಏನ್ಲಾ ಅಳಗರೂ, ಹೆಂಡ್ರಿಗೆ ಪಳ್ಳಿಕೂಟ ನಡುಸ್ತೀಯೇನ್ಲಾ? ಮೊದ್ಲು ಸಾರು ಕುದ್ಸೋಕೆ ಕಲಿಸು!" ಅವರು ನಗುತ್ತಿದ್ದ ಕಾಲ ಅದು. ಈ ಕಾಗದವನ್ನು ಅವರ ಎದುರೇ ಬಿಚ್ಚಿ ಓದಬಹುದು, ಮೈಸೂರಿನ ಪಾರ್ಟಿ ಬರೆದದ್ದು ಎನ್ನಬಹುದು. ಆ ಸುಳ್ಳು ನಿಮಗೆ ಬರುತ್ತದೆ.

ನಾನು ಇಲ್ಲಿ ಏನು ಮಾಡುತ್ತಿದ್ದೇನೆ ಎಂದು ನಿಮಗೆ ಯಾರ್ಯಾರೋ ಏನೇನೋ ಹೇಳಿರಬೇಕು. ಮಿಲ್ಲಿನಲ್ಲಿ ಟೈಪು ಹೊಡೆಯುತ್ತಾಳೆ ಎಂದು ಕೆಲವರು, ಅವಳಿಗೆ ಬುದ್ಧಿ ಕೆಟ್ಟು ಹುಣಸೆಬೀಜದ ಜೊತೆ ಮಾತಾಡುತ್ತಾಳೆ ಎಂದು ಕೆಲವರು. ಎರಡೂ ಅರ್ಧ ನಿಜ. ಪೂರ್ತಿಯನ್ನು ನಾನೇ ಹೇಳುತ್ತೇನೆ.

ನೀವು ನನ್ನ ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿಕೊಟ್ಟಿರಲ್ಲ, ಆಚೆ ವರ್ಷದ ಆ ಚಿತ್ತಿರೈ ತಿಂಗಳಿನಿಂದ ಮಳೆಗಾಲದವರೆಗೆ ನಾನು ಅವ್ವನ ಮನೆಯ ಹಿಂದಿನ ಕೋಣೆಯಲ್ಲಿ ಕೂತಿದ್ದೆ. ಅಷ್ಟೇ, ಕೂತಿದ್ದೆ. ಕಡೆಗೆ ಅವ್ವನೇ ಬೇಸತ್ತು ಉತ್ತಮಪಾಳಯದ ಟೈಪಿಂಗ್ ಕ್ಲಾಸಿಗೆ ತಳ್ಳಿದಳು. "ಬೆರಳಾದ್ರೂ ಅಲ್ಲಾಡ್ಲಿ ಹೋಗು" ಎಂದಳು. ಬೆರಳು ಅಲ್ಲಾಡಿದವು. ಎಸ್ಸೆಸ್ಸೆಲ್ಸಿಯೂ ಟೈಪಿಂಗೂ ಇದ್ದದ್ದರಿಂದ ವೇದಸಂದೂರಿನ ಕಡೆಯ ನೂಲಿನ ಮಿಲ್ಲಿನವರು ದಿಂಡುಕ್ಕಲ್ಲಿನ ತಮ್ಮ ಆಫೀಸಿಗೆ ಸೇರಿಸಿಕೊಂಡರು. ಅಲ್ಲಿ ಕಾರ್ಡಿನ ಕೋಣೆ ಎಂದು ಒಂದಿದೆ. ಮದುವೆಯ ಕಾಗದದಷ್ಟು ದಪ್ಪನೆಯ ರಟ್ಟು, ಅಂಗೈಗಿಂತ ಸ್ವಲ್ಪ ಉದ್ದ. ಒಬ್ಬ ಆಳು ಒಂದು ದಿನ ಎಷ್ಟು ನೂಲು ತೆಗೆದ ಎಂಬುದನ್ನು ಆ ಕಾರ್ಡಿನಲ್ಲಿ ತೂತುಗಳಾಗಿ ಹೊಡೆಯುವುದು ನನ್ನ ಕೆಲಸ. ಕಾರ್ಡುಗಳು ಪೆಟ್ಟಿಗೆ ತುಂಬಿದ ಮೇಲೆ ರೈಲಿನಲ್ಲಿ ಮದ್ರಾಸಿಗೆ ಹೋಗುತ್ತವೆ. ಅಲ್ಲಿ ಒಂದು ಕಂಪ್ಯೂಟರ್ ಇದೆ. ಅದು ತೂತುಗಳನ್ನು ಓದಿ, ಕೂಡಿ, ಉದ್ದನೆಯ ಕಾಗದದ ಮೇಲೆ ಅಚ್ಚು ಹಾಕುತ್ತದೆ. ಕಾಗದ ವಾಪಸು ರೈಲಿಗೆ ಬರುತ್ತದೆ.

ಒಂದು ದಿನ ಮದ್ರಾಸಿನಿಂದ ಬಂದ ಇಂಜಿನಿಯರು ನಮ್ಮ ಮೆಷಿನ್ ರಿಪೇರಿ ಮಾಡಿ, ತಮ್ಮ ಪುಸ್ತಕವನ್ನು ಮರೆತು ಹೋದರು. ಇಂಗ್ಲಿಷ್ ಪುಸ್ತಕ. ನಮ್ಮ ಮೇಲ್ವಿಚಾರಕರು ಪೆರುಮಾಳ್ ಸಾರ್ ಅದನ್ನು ಕಾಗದ ಹಾರದಂತೆ ಭಾರ ಇಡಲು ಬಳಸುತ್ತಿದ್ದರು. ಕೇಳಿದಾಗ ಕೊಟ್ಟರು. ಇದೇನು ಕಥೆಪುಸ್ತಕವಲ್ಲಮ್ಮ ಎಂದು ಎಚ್ಚರಿಕೆಯನ್ನೂ ಕೊಟ್ಟರು. ಕಥೆಪುಸ್ತಕವಲ್ಲ ಎಂದೇ ನಾನು ಕೇಳಿದ್ದು ಮಾಮಾ. ಆ ಪುಸ್ತಕದಲ್ಲಿ ಯಾರೂ ಹುಟ್ಟುವುದಿಲ್ಲ, ಯಾರೂ ಸಾಯುವುದಿಲ್ಲ, ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಒಂದು ಪುಟಕ್ಕೆ ಡಿಕ್ಷನರಿಯನ್ನು ಎಷ್ಟು ಸಲ ತೆರೆಯಬೇಕಾಗುತ್ತಿತ್ತೋ ಅಷ್ಟು ಹೊತ್ತು ನನಗೆ ಬೇರೆ ಏನೂ ನೆನಪಾಗುತ್ತಿರಲಿಲ್ಲ. ಮೊದಮೊದಲು ಅಷ್ಟಕ್ಕೇ ಓದಿದೆ.

ಕಂಪ್ಯೂಟರಿಗೆ ತನ್ನದೆಂದು ಬುದ್ಧಿ ಇಲ್ಲ. ಕಾರ್ಡು ಓದು, ಇಲ್ಲಿರುವುದನ್ನು ಅಲ್ಲಿ ಇಡು, ಕೂಡು, ಇವೆರಡೂ ಒಂದೇನಾ ನೋಡು, ಒಂದೇ ಆದರೆ ಆ ಸಾಲಿಗೆ ಹೋಗು, ಅಚ್ಚು ಹಾಕು. ಹೀಗೆ ಸಣ್ಣ ಸಣ್ಣ ಅಪ್ಪಣೆಗಳನ್ನು ಸಾಲಾಗಿ ಬರೆಯಬೇಕು. ಆ ಸಾಲುಗಳಿಗೆ ಪ್ರೋಗ್ರಾಮ್ ಎನ್ನುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತದೆ, ಹೇಳದೆ ಇರುವುದನ್ನು ಮಾಡುವುದಿಲ್ಲ, ಎದುರು ಮಾತಾಡುವುದಿಲ್ಲ. ಅತ್ತೆಗೆ ಇಂಥ ಸೊಸೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!

ಬರೆಯಲು ಕಾಗದ ಸಾಕು. ಆದರೆ ಬರೆದದ್ದು ಸರಿಯೋ ತಪ್ಪೋ ನೋಡಲು ಕಂಪ್ಯೂಟರ್ ಬೇಕು, ಅದು ಮದ್ರಾಸಿನಲ್ಲಿದೆ. ಆಗ ನನಗೆ ಟ್ರಂಕಿನ ತಳದಲ್ಲಿದ್ದ ಪಲ್ಲಾಂಕುಳಿ ಮಣೆ, ಮೈಸೂರಿನವರು ಅಳಗುಳಿಮಣೆ ಎನ್ನುತ್ತಾರಲ್ಲ, ಅದು ನೆನಪಾಯಿತು. ಬಳೆ ತೊಡಿಸಿದ ದಿನ ಅತ್ತೆ ಕೊಟ್ಟದ್ದು, ಬಸುರಿ ಹೆಂಗಸು ಸುಮ್ಮನೆ ಕೂತರೆ ಮಗು ಸೋಮಾರಿಯಾಗುತ್ತದೆಂದು. ಅದರ ಒಂದೊಂದು ಗುಳಿಗೂ ಸೀಮೆಸುಣ್ಣದಲ್ಲಿ ಹೆಸರು ಬರೆದೆ. ಈ ಗುಳಿ ಪಾಳಿಯ ಗುರುತು, ಈ ಗುಳಿ ಒಟ್ಟು ನೂಲು, ಈ ಗುಳಿ ಈಗ ಓದಿದ ಕಾರ್ಡು. ಹುಣಸೆಬೀಜವೇ ನೂಲು. ನಾನು ಬರೆದ ಸಾಲನ್ನು ಒಂದೊಂದಾಗಿ ಓದುತ್ತ, ಕಂಪ್ಯೂಟರು ಮಾಡುವ ಹಾಗೆಯೇ ಬೀಜವನ್ನು ಗುಳಿಯಿಂದ ಗುಳಿಗೆ ಹಾಕುತ್ತಿದ್ದೆ. ಹಾಸ್ಟೆಲಿನ ಹುಡುಗಿಯರು ಮೊದಲು ಹೆದರಿದರು, ಆಮೇಲೆ ಪಿಚ್ಚೈಯಕ್ಕ ಒಬ್ಬಳೇ ಆಡಿ ಒಬ್ಬಳೇ ಸೋಲುತ್ತಾಳೆ ಎಂದು ಹಾಡು ಕಟ್ಟಿದರು. ಹುಣಸೆಬೀಜದ ಜೊತೆ ಮಾತು ಎಂದು ನಿಮಗೆ ಮುಟ್ಟಿದ ಸುದ್ದಿ ಇದೇ.

ಪ್ರತಿ ಪಾಳಿಯಲ್ಲಿ ಒಟ್ಟು ಎಷ್ಟು ನೂಲು ಬಂತು ಎಂದು ಹೇಳುವ ಪ್ರೋಗ್ರಾಮ್ ಬರೆದೆ. ಮಣೆಯ ಮೇಲೆ ಸರಿ ಬಂತು. ಪೆರುಮಾಳ್ ಸಾರ್ ಅದನ್ನು ನೋಡಿದರು. ಮದ್ರಾಸಿಗೆ ಹೋಗುವ ಪೆಟ್ಟಿಗೆಯಲ್ಲಿ ಒಂದು ಚೀಟಿ ಬರೆದಿಟ್ಟು, ಬಿಡುವಿದ್ದಾಗ ಇದನ್ನೂ ಓಡಿಸಿ ನೋಡಿ ಎಂದು ಕೇಳಿಕೊಂಡರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಮುಳ್ಳು. ಕಾಗದ ಅಚ್ಚಾಗಿ ಬಂತು. ನಾನು ಬರೆದದ್ದು ಓಡಿತ್ತು! ಆದರೆ ಪ್ರತಿ ಪಾಳಿಯಲ್ಲೂ ನೂಲು ಸ್ವಲ್ಪ ಕಡಿಮೆ. ಮಿಲ್ಲಿನ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಮತ್ತೆ ಮಣೆ ಹಾಕಿ ಕೂತೆ. ಬೀಜ ಸರಿಯಾಗಿ ಬಂತು. ಮತ್ತೆ ಮದ್ರಾಸಿಗೆ ಕಳಿಸಿದೆ. ಮತ್ತೆ ಕಡಿಮೆ. ಆಡಿಯಿಂದ ಪುರಟ್ಟಾಸಿವರೆಗೆ, ಮೂರು ತಿಂಗಳು, ಇದೇ ಆಯಿತು. ಮಣೆಯ ಮೇಲೆ ಸರಿಯಿರುವುದು ಮದ್ರಾಸಿಗೆ ಹೋದ ಕೂಡಲೇ ಕಡಿಮೆ ಯಾಕಾಗುತ್ತದೆ? ದಾರಿಯಲ್ಲಿ ಇಲಿ ತಿನ್ನುತ್ತದೆಯೇ? ಪೆರುಮಾಳ್ ಸಾರ್ ಕಡೆಗೆ, ಇದು ನಿನಗೆ ಬೇಡಮ್ಮ, ತೂತು ಹೊಡೆದುಕೊಂಡು ನೆಮ್ಮದಿಯಾಗಿರು ಎಂದರು. ನನಗೆ ಬೇಸರವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಸರಿ ಸಾರ್ ಎಂದು ಬಂದುಬಿಟ್ಟೆ. ಹಲ್ಲು ಕೀಳುವ ಡಾಕ್ಟರು ಸೂಜಿ ಹಾಕಿದ ಮೇಲೆ ತುಟಿಯನ್ನು ಮುಟ್ಟಿದರೆ ಹೇಗೆ ಬೇರೆ ಯಾರದೋ ತುಟಿಯಂತೆ ಇರುತ್ತದಲ್ಲ, ನನಗೆ ಎಲ್ಲವೂ ಹಾಗಿತ್ತು.

ಐಪ್ಪಸಿಯಲ್ಲಿ ಅವ್ವನ ಗದ್ದೆಯ ಕೊಯ್ಲಿಗೆ ಹೋದೆ. ಕಣದಲ್ಲಿ ರಾಶಿ ಮಾಡಿದ್ದರು. ಅವ್ವ ಸೆರಗು ಸಿಕ್ಕಿಸಿ, ಮರಕ್ಕಾಲು ಹಿಡಿದು ಭತ್ತ ಅಳೆಯಲು ನಿಂತಳು. ನೀವು ಎಷ್ಟೋ ಸಲ ನೋಡಿದ್ದೀರಿ, ನಿಮ್ಮ ಕಣದಲ್ಲೂ ಹಾಗೇ. ಮೊದಲ ಮರಕ್ಕಾಲನ್ನು ತುಂಬಿ ಪಕ್ಕದ ಮೊರಕ್ಕೆ ಸುರಿದಳು, ದೇವರ ಹಸುಗಳ ಪಾಲು ಅದು. ಅದಕ್ಕೆ ಎಣಿಕೆ ಇಲ್ಲ. ಎರಡನೆಯದನ್ನು ತುಂಬಿದಾಗ ಒಂದು ಎನ್ನದೆ 'ಲಾಭ' ಎಂದು ಕೂಗಿದಳು, ಮೂರನೆಯದಕ್ಕೆ 'ಎರಡು' ಎಂದಳು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಚೀಲ ಬಿಟ್ಟುಬಿಟ್ಟೆ. ಭತ್ತ ಚೆಲ್ಲಿತು, ಅವ್ವ ಬೈದಳು.

ಮಾಮಾ, ನನ್ನ ಕೈಯೂ ಅದನ್ನೇ ಮಾಡುತ್ತಿತ್ತು. ಮಣೆಯ ಮುಂದೆ ಕೂತು ಬೀಜ ಎಣಿಸುವಾಗ ಮೊದಲ ಹಿಡಿಯನ್ನು ಪಕ್ಕಕ್ಕೆ ಇಟ್ಟು ಎರಡನೆಯದರಿಂದ ಎಣಿಸುತ್ತಿದ್ದೆ. ಹುಟ್ಟಿದಾಗಿನಿಂದ ಕಣದಲ್ಲಿ ನೋಡಿದ್ದು, ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಬರೆದ ಪ್ರೋಗ್ರಾಮಿನಲ್ಲೂ ಅದೇ. ಪ್ರತಿ ಪಾಳಿಯ ಮೊದಲ ಕಾರ್ಡನ್ನು ಓದು, ಯಾವ ಪಾಳಿ ಎಂದು ನೋಡು, ಗುರುತು ಇಟ್ಟುಕೋ, ಮುಂದಿನ ಕಾರ್ಡಿಗೆ ಹೋಗು ಎಂದು ಬರೆದಿದ್ದೆ. ಆ ಮೊದಲ ಕಾರ್ಡಿನಲ್ಲಿ ಒಬ್ಬ ಆಳಿನ ಇಡೀ ದಿನದ ನೂಲು ಇತ್ತು, ಅದನ್ನು ಕೂಡು ಎಂದು ಹೇಳಿಯೇ ಇರಲಿಲ್ಲ. ನೋಡುವ ಕೈಯೂ ಬರೆಯುವ ಕೈಯೂ ಒಂದೇ ತಪ್ಪು ಮಾಡಿದರೆ ತಪ್ಪು ಸಿಗುವುದು ಎಲ್ಲಿಂದ? ಮದ್ರಾಸಿನ ಕಂಪ್ಯೂಟರು ನಮ್ಮ ಜಾತಿಯದಲ್ಲವಲ್ಲ, ಅದಕ್ಕೆ ದೇವರ ಪಾಲು ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ಹೊತ್ತಿಗೆ ಮೇಲ್ಬೀದಿಯ ಹೊಸ ಸೊಸೆ ಕಣದ ಬದಿಯಲ್ಲಿ ಬಂದು ಕೂತಳು. ಪಾಪ, ಹಸಿ ಬಾಣಂತಿ, ಮಗು ಉಳಿದಿರಲಿಲ್ಲ. ಅವ್ವ ಮರಕ್ಕಾಲು ಕೆಳಗಿಟ್ಟು ಹೋಗಿ ಅವಳ ತಲೆ ಸವರಿದಳು. "ಮೊದ್ಲುದು ಸಾಮಿದು ತಾಯಿ. ಲೆಕ್ಕಕ್ಕೆ ಹಿಡೀಬ್ಯಾಡ" ಎಂದಳು. ಹುಡುಗಿ ತಲೆಯಾಡಿಸಿದಳು. ಅವಳ ಎದೆಯ ಹತ್ತಿರ ಸೀರೆ ಒದ್ದೆಯಾಗಿತ್ತು. ಅವ್ವ ಹಿಂದಿರುಗಿ ಬಂದು ಮರಕ್ಕಾಲು ಎತ್ತಿಕೊಂಡಳು.

ಅದೇ ಮಾತು, ಅದೇ ದನಿ. ನಿಮ್ಮ ಅಂಗಳದಲ್ಲಿ ಅಂದು ನನಗೆ ಎಲ್ಲರೂ ಹೇಳಿದ್ದು. ಅತ್ತೆ ಹೇಳಿದರು, ಕರುಪ್ಪಯ್ಯ ದೊಡ್ಡಪ್ಪ ಹೇಳಿದರು, ಬಾಗಿಲಲ್ಲಿ ನಿಂತು ಹೋದ ಹೆಂಗಸರೆಲ್ಲ ಹೇಳಿದರು. ಎಲ್ಲರೂ ಹೋದ ಮೇಲೆ ನೀವೂ ಹೇಳಿದಿರಿ: "ಮೊದ್ಲುದು ಸಾಮಿದು ಪುಳ್ಳ. ಲೆಕ್ಕಕ್ಕೆ ಹಿಡೀಬ್ಯಾಡ." ನೀವು ಹೇಳದೆ ಇದ್ದಿದ್ದರೆ ನಾನು ಅಳುತ್ತಿದ್ದೆನೇನೋ. ನೀವೂ ಹೇಳಿದ ಮೇಲೆ ಅಳುವುದಕ್ಕೆ ಯಾರೂ ಇಲ್ಲದ ಹಾಗಾಯಿತು.

ನಮ್ಮ ಮಗಳು ಆವಣಿಯಲ್ಲಿ ಹುಟ್ಟಿ, ಆರು ತಿಂಗಳಿಗೆ, ಮಾಸಿಯಲ್ಲಿ ಹೋದಳು. ತಕ್ಕಡಿಯ ಸದ್ದಿಗೆ ತಲೆ ತಿರುಗಿಸುವಷ್ಟು ದೊಡ್ಡವಳಾಗಿದ್ದಳು. ಚಿತ್ತಿರೈಯಲ್ಲಿ ಕುಲದೇವರ ಮುಂದೆ ಕಿವಿ ಚುಚ್ಚಿ ಹೆಸರಿಡಬೇಕಿತ್ತು. ಅಷ್ಟರಲ್ಲಿ ಜ್ವರ ಬಂತು. ಕಿವಿ ಚುಚ್ಚದ ಮಗುವಿಗೆ ಹೆಸರಿಲ್ಲ, ಹೆಸರಿಲ್ಲದ ಮಗುವಿಗೆ ದಿನಕರ್ಮ ಇಲ್ಲ, ದಿನಕರ್ಮ ಇಲ್ಲದ ಮೇಲೆ ಮಗುವೇ ಇಲ್ಲ. ತೋಟದ ಮೂಲೆಯಲ್ಲಿ ನುಗ್ಗೆಮರದ ಕೆಳಗೆ ಹೂತು ಬಂದು ಕಾಲು ತೊಳೆದಿರಿ. ಮರುದಿನ ಮಂಡಿಗೆ ಹೋದಿರಿ, ಲಾರಿ ಕಾಯುವುದಿಲ್ಲವಲ್ಲ. ನಾನು ನಿಮ್ಮನ್ನು ದೂರುತ್ತಿಲ್ಲ. ನಾನೂ ಅಂದು ಎದ್ದು ಒಲೆ ಹಚ್ಚಿದೆ.

ಆದರೆ ಹೆಸರು ಇತ್ತು ಮಾಮಾ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಹಸುಗೂಸನ್ನು ಮಲಗಿಸುತ್ತಿದ್ದ ಬಿದಿರಬುಟ್ಟಿಯ ಮೇಲೆ ಒಂದು ದಿನ ನೀವು ಕುಂಚ ಅದ್ದಿ ಕಪ್ಪು ಮಸಿಯಲ್ಲಿ ಅವಳ ಹೆಸರನ್ನು ಬರೆದಿರಿ. ಕನ್ನಡದಲ್ಲಿ ಬರೆದದ್ದರಿಂದ ಮನೆಯವರ್ಯಾರಿಗೂ ತಿಳಿಯಲಿಲ್ಲ. ಮೈಸೂರಿಗೆ ಹೋಗುವ ಬುಟ್ಟಿ, ಯಾವುದೋ ಪಾರ್ಟಿಯ ಗುರುತು ಎಂದುಕೊಂಡರು. "ಮಗೂನ್ನೂ ಲೋಡ್ ಮಾಡಿ ಕಳಿಸ್ತೀಯೇನ್ಲಾ" ಎಂದು ಅತ್ತೆ ಕೇಳಿದ್ದರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ನಾನು ಕಡೆಯ ಸಲ ಹಾಗೆ ನಕ್ಕದ್ದು ಅಂದೇ ಇರಬೇಕು.

ಕೊಯ್ಲು ಮುಗಿಸಿ ದಿಂಡುಕ್ಕಲ್ಲಿಗೆ ಬಂದು ಪ್ರೋಗ್ರಾಮನ್ನು ಸರಿಮಾಡಿದೆ. ದೊಡ್ಡ ಕೆಲಸವೇನಲ್ಲ. 'ಕೂಡು' ಎಂಬ ಸಾಲನ್ನು ಮೇಲಕ್ಕೆ ತಂದೆ, ಮೊದಲ ಕಾರ್ಡು ಓದಿದ ಕೂಡಲೇ ಲೆಕ್ಕಕ್ಕೆ ಸೇರುವ ಹಾಗೆ. ಆ ಕಾರ್ಡು ಬಂದು ನಿಲ್ಲುವ ಜಾಗಕ್ಕೆ ಪ್ರೋಗ್ರಾಮಿನಲ್ಲಿ ಒಂದು ಚಿಕ್ಕ ಹೆಸರು ಕೊಡಬೇಕು, ಬರೆಯುವವರ ಇಷ್ಟ. ನಾನು ಬುಟ್ಟಿಯ ಮೇಲಿನ ಹೆಸರನ್ನೇ ಮೊಟಕು ಮಾಡಿ ಕೊಟ್ಟೆ. ಪೆರುಮಾಳ್ ಸಾರ್ ನಮ್ಮೂರ ದೇವತೆ ಇರಬೇಕೆಂದುಕೊಂಡು ಕೈಮುಗಿದು ಪೆಟ್ಟಿಗೆಗೆ ಹಾಕಿದರು. ಈ ಸಲ ಮಿಲ್ಲಿನ ಲೆಕ್ಕಕ್ಕೂ ಮದ್ರಾಸಿನ ಕಾಗದಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಸಾರ್ ಎಲ್ಲರಿಗೂ ಬೋಂಡ ತರಿಸಿದರು. ನಾನೂ ತಿಂದೆ.

ಆಮೇಲೆ ಇನ್ನೂ ಕೆಲವನ್ನು ಬರೆದು ಕಳಿಸಿದೆ. ಕಾರ್ತಿಗೈಯಲ್ಲಿ ಮದ್ರಾಸಿನ ಆಫೀಸಿನವರೇ, ಇದನ್ನೆಲ್ಲ ಬರೆಯುವವರು ಯಾರು, ಪರೀಕ್ಷೆಗೆ ಬರಲಿ ಎಂದು ಬರೆದರು. ಅವ್ವನನ್ನು ಜೊತೆ ಮಾಡಿಕೊಂಡು ಹೋದೆ. ಲೆಕ್ಕ ಕೊಟ್ಟು ಪ್ರೋಗ್ರಾಮ್ ಬರೆಯಿರಿ ಎಂದರು. ಮಣೆ ಇಲ್ಲ, ಬೀಜ ಇಲ್ಲ. ಮೇಜಿನ ಮೇಲೆ ಬೆರಳಲ್ಲೇ ಗುಳಿ ಮಾಡಿಕೊಂಡು ಹಾಕುತ್ತಿದ್ದೆ. ಎದುರಿಗಿದ್ದ ಅಧಿಕಾರಿ, ಏನಮ್ಮ ವೀಣೆ ನುಡಿಸುತ್ತಿದ್ದೀರಾ ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಯಾರು ಬಿಡಿಸಿ ಹೇಳುತ್ತಾರೆ!

ಕಂಪ್ಯೂಟರನ್ನು ಅಂದೇ ನೋಡಿದೆ. ನಮ್ಮ ಭತ್ತದ ಗಡಿಗೆ ಇಡುವ ಕೋಣೆಯಷ್ಟು ತಣ್ಣಗಿದೆ ಜಾಗ. ನಾನು ಬರೆದದ್ದನ್ನೇ ಕಾರ್ಡು ಮಾಡಿ ಹಾಕಿದರು. ಕಾರ್ಡುಗಳು ಸರಸರನೆ ಒಳಗೆ ಹೋದವು, ಮೊದಲನೆಯದು ಮೊದಲೇ ಹೋಯಿತು. ಒಟ್ಟು ಸರಿಯಾಗಿ ಅಚ್ಚಾಗಿ ಬಂತು. ಎಲ್ಲರೂ ಅದನ್ನು ನೋಡುತ್ತಿದ್ದರು, ನಾನು ಸೆರಗನ್ನು ಹೆಗಲ ತುಂಬ ಎಳೆದು ಹೊದ್ದುಕೊಂಡೆ. ಚಳಿ ತಿಳಿಯುತ್ತಿದೆಯಲ್ಲ ಎಂದು ಆಮೇಲೆ ಹೊಳೆಯಿತು.

ಅದಾದ ಮೇಲೆ ಅವರು ಮನೆಯ ವಿಷಯ ಕೇಳಿದರು. ಗಂಡನ ಹೆಸರು ಏನು ಎಂದರು. ನಾನು ಬಾಯಿಬಿಟ್ಟು ಹೇಗೆ ಹೇಳಲಿ? ಕಾಗದ ಕೇಳಿ ಬರೆದುಕೊಟ್ಟೆ. ಮಕ್ಕಳೆಷ್ಟು ಎಂದರು. ಒಂದು ಎಂದೆ. ಹಿಂದೆ ಕೂತಿದ್ದ ಅವ್ವ ನನ್ನ ಸೆರಗು ಎಳೆದಳು. ಸಣ್ಣ ಮಗುವನ್ನು ಬಿಟ್ಟು ಮದ್ರಾಸಿಗೆ ಬಂದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ಕೇಳಿದರು, ಒಳ್ಳೆಯ ಮನಸ್ಸಿನಿಂದಲೇ. ಅವಳಪ್ಪನ ತೋಟದಲ್ಲಿದ್ದಾಳೆ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ನಾನು ಸುಳ್ಳು ಹೇಳಿದೆನೇ, ನೀವೇ ಹೇಳಿ.

ಕೆಲಸ ಕೊಟ್ಟಿದ್ದಾರೆ. ಪ್ರೋಗ್ರಾಮರ್ ಎಂದು. ಪೊಂಗಲ್ ಮುಗಿದ ವಾರದಲ್ಲೇ ಸೇರಬೇಕು. ಇರುವುದಕ್ಕೆ ಎಗ್ಮೋರಿನಲ್ಲಿ ಹೆಂಗಸರ ಹಾಸ್ಟೆಲು.

ಇನ್ನು ನಿಮ್ಮ ಕಾಗದಕ್ಕೆ ಉತ್ತರ. ನಾನು ಕಂಬಂಗೆ ಬರುತ್ತೇನೆ. ಓಡಿಹೋದಳು ಎನ್ನಿಸಿಕೊಳ್ಳುವುದಿಲ್ಲ.  ಹಿರಿಯರ ಮುಂದೆ ನಿಲ್ಲುತ್ತೇನೆ, ಅಂದು ಸಂಜೆ ಟ್ರಂಕು ಹಿಡಿದು ದಿಂಡುಕ್ಕಲ್ಲಿಗೆ ಬಂದು ಮದ್ರಾಸಿನ ರೈಲು ಹತ್ತುತ್ತೇನೆ. ಅದು ನಿಂತುಹೋಗುವುದಿಲ್ಲ. ನೀವು ಬೇಡವೆಂದರೂ, ಅತ್ತೆ ಮಣ್ಣು ತೂರಿದರೂ ನಿಂತುಹೋಗುವುದಿಲ್ಲ. ನನ್ನ ಮೈಯಲ್ಲಿ ಜೀವ ಇದೆ ಎಂದು ನನಗೆ ತಿಳಿಯುವುದು ಆ ಕೆಲಸದ ಮುಂದೆ ಕೂತಾಗ ಮಾತ್ರ.

ಮದುವೆ ಇರಲೋ ಬೇಡವೋ ಎಂಬುದನ್ನು ನಿಮಗೆ ಬಿಟ್ಟಿದ್ದೇನೆ. ಕರುಪ್ಪಯ್ಯ ದೊಡ್ಡಪ್ಪ ಎಲ್ಲರ ಮುಂದೆ ನಿಮ್ಮನ್ನು ಕೇಳುತ್ತಾರೆ, ಮಕ್ಕಳು ಉಂಟೇನಪ್ಪಾ ಎಂದು. ಕೇಳಲೇಬೇಕು, ಅದು ಕ್ರಮ. ನೀವು ಇಲ್ಲ ಎಂದರೆ ಹುಲ್ಲುಕಡ್ಡಿಯನ್ನು ಯಾರೂ ನನ್ನ ಕೈಗೆ ಕೊಡಬೇಕಾಗಿಲ್ಲ, ನಾನೇ ಬಗ್ಗಿ ನೆಲದಿಂದ ಎತ್ತಿಕೊಂಡು ಮುರಿಯುತ್ತೇನೆ. ಆಮೇಲೆ ನೀವು ಬೇರೆ ಮದುವೆಯಾಗಿ ನೆಮ್ಮದಿಯಾಗಿರಿ, ನನ್ನ ಬಾಯಿಂದ ಒಂದು ಶಾಪ ಬರುವುದಿಲ್ಲ. ನೀವು ಒಂದು ಎಂದರೆ, ನಾನು ಮದ್ರಾಸಿನಲ್ಲಿ ಇದ್ದರೂ ನಿಮ್ಮ ಹೆಂಡತಿ. ನಿಮ್ಮ ಲಾರಿ ದಿನಾ ಅಲ್ಲಿನ ಕೊತ್ತವಾಲ್ ಚಾವಡಿ ಮಂಡಿಗೆ ಬರುತ್ತದೆ. ಕ್ಯಾಬಿನ್ನಿನಲ್ಲಿ ಒಬ್ಬರು ಕೂರುವ ಜಾಗ ಯಾವಾಗಲೂ ಇರುತ್ತದೆ.

ಮುರುಗನಿಗೆ ಕಾಸು ಮುಡಿಪು ಕಟ್ಟಿದ್ದೇನೆ ಎಂದೆಲ್ಲ ಬರೆಯುವುದಿಲ್ಲ, ಕಟ್ಟಿಲ್ಲ. ಬೆಳಗಿನ ಮಂಜಿನಲ್ಲಿ ಮಂಡಿಗೆ ಹೋಗುವಾಗ ತಲೆಗೆ ಟವೆಲು ಸುತ್ತಿಕೊಳ್ಳಿ. ನಿಮಗೆ ನೆಗಡಿಯಾದರೆ ಮೂರು ಬೀದಿಗೆ ಕೇಳುತ್ತದೆ.

ಇನ್ನೂ ನಿಮ್ಮ ಮನೆಯವಳೇ ಆದ
ಪಿಚ್ಚೈಯಮ್ಮಾಳ್

ಮ. ಬ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ನಿಮ್ಮ ಲಾರಿ ಓಡಿಸುವ ಮಾಯಾಂಡಿ ಮೊನ್ನೆ ಇಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಿದ್ದ. ನಿಮಗೆ ಹೇಳಬೇಡ ಎಂದಿದ್ದೆ, ಅವನು ಹೇಳಿರಲಾರ. ಮಂಡಿಯಲ್ಲಿ ನೀವು ಕೂರುವ ಜಾಗದ ಮೇಲೆ ಒಂದು ಹಳೆಯ ಬುಟ್ಟಿ ತೂಗುಹಾಕಿದ್ದೀರಂತೆ. ಸುಗ್ಗಿಯಲ್ಲಿ ಬುಟ್ಟಿ ಸಾಲದೆ ಒದ್ದಾಡುವಾಗಲೂ ಅದನ್ನು ಯಾರೂ ಮುಟ್ಟುವ ಹಾಗಿಲ್ಲವಂತೆ. ಇದು ಯಾವ ಪಾರ್ಟಿದಣ್ಣಾ, ಕಪ್ಪು ಮಸೀಲಿ ಏನೋ ಬರೆದೈತೆ ಎಂದು ಅವನು ಕೇಳಿದ್ದಕ್ಕೆ ನೀವು, "ಆ ಲೆಕ್ಕ ಇನ್ನೂ ಮುಗಿದಿಲ್ಲ ಕಣ್ಲಾ" ಎಂದಿರಂತೆ. ಮಾಯಾಂಡಿ ಹೋದ ಮೇಲೆ ನಾನು ಅಲ್ಲೇ ಹೂವಿನಂಗಡಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಹೂವಿನವಳು ನೀರು ಕೊಟ್ಟಳು. ಬಸ್ಸು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು.

ಕಂಬಂಗೆ ಬರುವಾಗ ಆ ಬುಟ್ಟಿಯನ್ನು ತನ್ನಿ. ಎಲ್ಲರ ನಡುವೆ ಇಡಿ. ಅಲ್ಲಿ ಯಾರಿಗೂ ಆ ಅಕ್ಷರ ಬರುವುದಿಲ್ಲ, ನನ್ನ ಬಾಯಿಂದ ಬಂದರೆ ಯಾರೂ ನಂಬುವುದಿಲ್ಲ. ನೀವೇ ಓದಿ ಹೇಳಿ, ಹಿಂದೆ ನಿಂತವರಿಗೂ ಕೇಳುವ ಹಾಗೆ: ಮುತ್ತಮ್ಮಾಳ್.